ಹೆಸರಿಗೆ ಬೇವು, ಮನೆತನ ನಿಂಬೆಯದು

ಮಕ್ಕಳೇ,

ರಾಯದುರ್ಗದ ಕಡೆಯವರಲ್ಲಿ ಎಷ್ಟೋ ಜನ ಬೆಳಿಗ್ಗೆ ಉಗ್ಗಾಣಿ ತಿಂದು ಶಾಲೆಗೆ ಬಂದಿರುತ್ತೀರಿ. ಮಡಕಶಿರಾ ಕಡೆಯವರು ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಂಡಿರುತ್ತೀರಿ. ಉಂಡಾದ ಮೇಲೆ ತಟ್ಟೆಯ ಅಂಚಿನಲ್ಲಿ ಏನು ಉಳಿದಿರುತ್ತದೆ ಹೇಳಿ ನೋಡೋಣ? ನಾಲ್ಕೈದು ಕರಿಬೇವಿನ ಎಲೆ, ಎರಡು ಕೊತ್ತಂಬರಿ ಕಡ್ಡಿ, ಅಲ್ವಾ? ಅಮ್ಮ ಹಾಕಿದ್ದನ್ನು ನಾವು ಹೆಕ್ಕಿ ಪಕ್ಕಕ್ಕಿಡುತ್ತೇವೆ. ಈ ಸಲದ ಪಾಠ ಆ ಎಲೆಗಳ ಬಗ್ಗೆ.

ಪಾಠಕ್ಕೆ ಒಂದು ಕಾರಣವೂ ಇದೆ. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಎಂಟನೇ ತರಗತಿಯಲ್ಲಿ ಸಸ್ಯಗಳ ವರ್ಗೀಕರಣ ಹೇಳಿಕೊಡುತ್ತಿದ್ದೆ. ಮಾತಿನ ಭರದಲ್ಲಿ, "ಬೇವು, ಕರಿಬೇವು ಎರಡೂ ಒಂದೇ ಕುಟುಂಬ. ಹೆಸರೇ ಹೇಳುತ್ತಲ್ಲ!" ಅಂದುಬಿಟ್ಟೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಮ್ಮನೆ ನಿಂಬೆ ಗಿಡದಾಗೆ ಇರೋ ಹುಳಾನೇ ಕರಿಬೇವಿನ ಗಿಡದಾಗೂ ಐತೆ. ಪಕ್ಕದಾಗೇ ದೊಡ್ಡ ಬೇವಿನ ಮರ ಐತೆ, ಅದರಾಗೆ ಒಂದೂ ಇಲ್ಲ. ಯಾಕೆ ಸಾರ್?" ಅಂದಳು.

ನನಗೆ ಉತ್ತರ ತಿಳಿಯಲಿಲ್ಲ. "ನಾಳೆ ಹೇಳ್ತೀನಮ್ಮ" ಅಂದೆ. ಆ ನಾಳೆಯ ಉತ್ತರ ಇದು. ಇದನ್ನು ನಾನು ಹೇಳಿದೆ ಅಂತ ನಂಬಬೇಡಿ. ಕೆಳಗಿನ ಪ್ರಯೋಗಗಳನ್ನು ನೀವೇ ಮಾಡಿ ನೋಡಿ, ಆಮೇಲೆ ನಂಬಿ.

ಪರಿಮಳ ಎಲ್ಲಿ ಅಡಗಿದೆ?

ಮಾಡಿ ನೋಡಿ – 1: ಒಂದು ನಿಂಬೆ ಎಲೆ, ಒಂದು ಎಳೆಯ ಕರಿಬೇವಿನ ಎಲೆ, ಒಂದು ಬೇವಿನ ಎಲೆ ತನ್ನಿ. ಒಂದೊಂದನ್ನೇ ಬೆಳಕಿಗೆ ಅಡ್ಡ ಹಿಡಿದು ನೋಡಿ. (ಸೂರ್ಯನನ್ನು ನೇರವಾಗಿ ನೋಡಬಾರದು. ಬೆಳಕಿರುವ ಕಿಟಕಿಯ ಕಡೆ ಹಿಡಿದರೆ ಸಾಕು.) ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ನಿಂಬೆ ಎಲೆಯಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ನೂರಾರು ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಅವು ತೂತುಗಳಲ್ಲ. ಎಲೆಯ ಒಳಗಿರುವ ಪುಟ್ಟ ಎಣ್ಣೆ ಚೀಲಗಳು. ಅವಕ್ಕೆ ತೈಲಗ್ರಂಥಿಗಳು ಎನ್ನುತ್ತಾರೆ. ಕರಿಬೇವಿನ ಎಲೆಯಲ್ಲೂ ಅಂಥವೇ ಚುಕ್ಕಿಗಳಿವೆ, ಸ್ವಲ್ಪ ಗಮನವಿಟ್ಟು ನೋಡಬೇಕು. ಬೇವಿನ ಎಲೆಯಲ್ಲಿ ನರಗಳ ಜಾಲ ಕಾಣುತ್ತದೆಯೇ ಹೊರತು ಆ ಚುಕ್ಕಿಗಳು ಕಾಣುವುದಿಲ್ಲ. ನೋಡಿದ್ದನ್ನು ನೋಟ್ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಡಿ. ಮುಂದೆ ಬೇಕಾಗುತ್ತದೆ.

ಈಗ ಕರಿಬೇವಿನ ಎಲೆಯನ್ನು ಹರಿಯದೆ ಮೂಸಿ ನೋಡಿ. ವಾಸನೆ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. ಹರಿದು ಮೂಸಿ. ಘಮ್ ಅನ್ನುತ್ತದೆ! ಚೀಲ ಒಡೆದರೆ ಮಾತ್ರ ಪರಿಮಳ ಹೊರಗೆ ಬರುತ್ತದೆ.

ಹಾರಿಹೋಗುವ ಎಣ್ಣೆ, ಹಾರದ ಎಣ್ಣೆ

ರಾಯದುರ್ಗದವರು ಶೇಂಗಾ ಅಂತೀರಿ, ಮಡಕಶಿರಾದವರು ಕಡ್ಲೆಕಾಯಿ ಅಂತೀರಿ. ಹೆಸರು ಎರಡು, ಎಣ್ಣೆ ಒಂದೇ. ಆ ಎಣ್ಣೆಯೂ ಗಿಡದ್ದೇ, ನಿಂಬೆಯ ಚುಕ್ಕಿಯೊಳಗಿನ ಎಣ್ಣೆಯೂ ಗಿಡದ್ದೇ. ಹಾಗಾದರೆ ವ್ಯತ್ಯಾಸ ಏನು?

ಮಾಡಿ ನೋಡಿ – 2: ಒಂದು ಬಿಳಿ ಹಾಳೆಯ ಮೇಲೆ ಮೂರು ವೃತ್ತ ಬರೆಯಿರಿ. ಮೊದಲನೆಯದರಲ್ಲಿ ಒಂದು ಸಣ್ಣ ಹನಿ ನೀರು. ಎರಡನೆಯದರಲ್ಲಿ ಒಂದು ಸಣ್ಣ ಹನಿ ಶೇಂಗಾ ಎಣ್ಣೆ. ಮೂರನೆಯದಕ್ಕೆ ನಿಂಬೆ ಹಣ್ಣಿನ ಸಿಪ್ಪೆ ಬೇಕು. ರಸ ಒರೆಸಿ, ಸಿಪ್ಪೆಯ ಹೊರಮೈ ಹಾಳೆಯ ಕಡೆಗಿರುವಂತೆ ಮಡಚಿ ಹಿಂಡಿ. ಸಣ್ಣ ತುಂತುರು ಹಾರಿ ಹಾಳೆಯ ಮೇಲೆ ಬೀಳುತ್ತದೆ. (ಕಣ್ಣಿನಿಂದ ದೂರ ಹಿಡಿಯಿರಿ, ತುಂಬಾ ಉರಿಯುತ್ತದೆ. ಬೆಂಕಿಯ ಹತ್ತಿರ ಮಾಡಲೇಬಾರದು, ಆ ತುಂತುರು ಹೊತ್ತಿಕೊಳ್ಳುತ್ತದೆ.)

ಒಂದು ಪಿರಿಯಡ್ ಮುಗಿಯುವವರೆಗೆ ಹಾಳೆಯನ್ನು ಗಾಳಿಗೆ ಇಟ್ಟು ನೋಡಿ. ನೀರಿನ ಕಲೆ ಒಣಗಿರುತ್ತದೆ, ಅದಕ್ಕೆ ಮೊದಲಿನಿಂದಲೂ ವಾಸನೆ ಇರಲಿಲ್ಲ. ನಿಂಬೆ ಸಿಪ್ಪೆಯ ಕಲೆಯೂ ಹೆಚ್ಚುಕಡಿಮೆ ಮಾಯ, ಆದರೆ ಅಷ್ಟು ಹೊತ್ತೂ ಪರಿಮಳ ಬೀರಿರುತ್ತದೆ. ಶೇಂಗಾ ಎಣ್ಣೆಯ ಕಲೆ ಮಾತ್ರ ಅಲ್ಲೇ ಕೂತಿರುತ್ತದೆ. ನಾಳೆ ನೋಡಿದರೂ ಅಲ್ಲೇ.

ಶೇಂಗಾ ಎಣ್ಣೆಯ ಅಣುಗಳು ದೊಡ್ಡವು, ಭಾರ. ಹಾಳೆ ಬಿಟ್ಟು ಏಳುವುದಿಲ್ಲ. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಾಗಿರುವುದು ಲಿಮೊನೀನ್ ಎಂಬ ಚಿಕ್ಕ ಅಣು. ಅದು ಗಾಳಿಗೆ ಹಾರುತ್ತದೆ, ನಮ್ಮ ಮೂಗು ಸೇರುತ್ತದೆ. ಇಂಥ ಎಣ್ಣೆಗಳಿಗೆ ಬಾಷ್ಪಶೀಲ ತೈಲ ಅಥವಾ ಸುಗಂಧ ತೈಲ ಎಂದು ಹೆಸರು. ನೆನಪಿಡಿ: ಹಾರದ ವಸ್ತುವಿಗೆ ವಾಸನೆ ಇಲ್ಲ. ಮೂಗಿನವರೆಗೆ ಬಂದರೆ ತಾನೆ ಮೂಗಿಗೆ ತಿಳಿಯುವುದು!

ಇಲ್ಲಿ ಒಬ್ಬರಾದರೂ ಕೇಳಬೇಕು: "ಲಿಮೊನೀನ್ ಕುದಿಯುವುದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಕ್ಲಾಸ್ ರೂಮಿನಲ್ಲಿ ಹೇಗೆ ಹಾರುತ್ತದೆ ಸಾರ್?" ಒದ್ದೆ ಟವೆಲ್ ಒಣಗಲು 100 ಡಿಗ್ರಿ ಬೇಕಾ? ಬೇಡ. ಕುದಿಯದೆಯೂ ದ್ರವಗಳು ಆವಿಯಾಗುತ್ತವೆ. ಇನ್ನು ಸಾರು ಕುದಿಯುವಾಗಂತೂ ಏಳುವ ಹಬೆ ಈ ಸುಗಂಧ ತೈಲದ ಅಣುಗಳನ್ನು ತನ್ನ ಜೊತೆಯಲ್ಲೇ ಒಯ್ಯುತ್ತದೆ. ಮೈಸೂರಿನಲ್ಲಿ ಗಂಧದ ಚಕ್ಕೆಯಿಂದ ಎಣ್ಣೆ ತೆಗೆಯುವುದೂ ಹೀಗೆ ಹಬೆ ಹಾಯಿಸಿಯೇ. ಅಲ್ಲಿ ಹಬೆಯನ್ನು ತಣಿಸಿ ಎಣ್ಣೆಯನ್ನು ಹಿಡಿಯುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದು ಕಿಟಕಿಯಿಂದ ಆಚೆ ಹೋಗುತ್ತದೆ. ಸಾರು ಕುದಿಯುವಾಗ ಬೀದಿಗೆಲ್ಲ ಘಮಘಮ ಅಂದರೆ, ಅಷ್ಟು ಪರಿಮಳ ಪಾತ್ರೆಯಿಂದ ಖಾಲಿಯಾಯಿತು ಎಂದೇ ಅರ್ಥ!

ಅದಕ್ಕೇ ಅಜ್ಜಿ ಹೇಳುವುದು, "ಕೊತ್ತಂಬರಿ ಕೊನೆಗೆ ಹಾಕು, ಹಾಕಿದ ತಕ್ಷಣ ಮುಚ್ಚು" ಅಂತ.

ಜಪಾನಿನ ಮುಚ್ಚಳ, ನಮ್ಮ ಒಗ್ಗರಣೆ

ಇದೇ ವಿಜ್ಞಾನವನ್ನು ದೂರದ ಜಪಾನಿನ ಅಡುಗೆಯವರೂ ಕಂಡುಕೊಂಡಿದ್ದಾರೆ. ಅವರಲ್ಲಿ ಒಂದು ಬಗೆಯ ತಿಳಿಸಾರು ಇದೆ. ಸಮುದ್ರದ ಪಾಚಿ, ಒಣ ಮೀನಿನಿಂದ ತೆಗೆದ ತಿಳಿ ಅದು. ನೀರಿನ ಹಾಗೆ ತೆಳ್ಳಗೆ, ಎಣ್ಣೆಯ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಅದನ್ನು ಬಟ್ಟಲಿಗೆ ಹಾಕಿ, ಕಟ್ಟಕಡೆಯಲ್ಲಿ ಪರಿಮಳದ ಒಂದು ಚೂರು ಇಡುತ್ತಾರೆ. ಆ ಚೂರಿಗೆ ಅವರ ಭಾಷೆಯಲ್ಲಿ 'ಸುಯಿಕುಚಿ' ಎಂದು ಹೆಸರು. ಚಳಿಗಾಲದಲ್ಲಿ ಅದು 'ಯುಜು' ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ. ವಸಂತದಲ್ಲಿ 'ಕಿನೋಮೆ' ಎಂಬ ಚಿಗುರೆಲೆ. ಕಿನೋಮೆ ಎಂದರೆ ಮರದ ಚಿಗುರು. ಸಾನ್ಶೊ ಎಂಬ ಮುಳ್ಳು ಗಿಡದ ಚಿಗುರು ಅದು.

ಆ ಚಿಗುರನ್ನು ಅವರು ಹಾಗೇ ಇಡುವುದಿಲ್ಲ. ಒಂದು ಅಂಗೈ ಮೇಲೆ ಇಟ್ಟು, ಇನ್ನೊಂದು ಅಂಗೈಯಿಂದ ಚಪ್ಪಾಳೆ ಹೊಡೆದ ಹಾಗೆ ಒಮ್ಮೆ 'ಟಪ್' ಎಂದು ತಟ್ಟುತ್ತಾರೆ. ಆಮೇಲೆ ಸಾರಿನ ಮೇಲೆ ಇಟ್ಟು ಮುಚ್ಚಳ ಹಾಕುತ್ತಾರೆ. ಯಾಕೆ ತಟ್ಟುವುದು? ಮೊದಲ ಪ್ರಯೋಗ ಮಾಡಿದ ನಿಮಗೆ ಇದು ಆಗಲೇ ಹೊಳೆದಿರಬೇಕು. ಎಣ್ಣೆ ಚೀಲ ಒಡೆಯಲಿ ಅಂತ! ಮುಚ್ಚಳ ಯಾಕೆ? ಹಾರುವ ಅಣುಗಳು ಒಳಗೇ ಉಳಿಯಲಿ, ಉಣ್ಣುವವರು ಮುಚ್ಚಳ ತೆಗೆದಾಗ ಅವರ ಮೂಗಿಗೇ ತಲುಪಲಿ ಅಂತ.

ನಾವು ಬೇರೆ ದಾರಿ ಹಿಡಿದಿದ್ದೇವೆ. ಕಾದ ಎಣ್ಣೆಗೆ ಸಾಸಿವೆ, ಆಮೇಲೆ ಕರಿಬೇವು. ಚಟಪಟ ಎಂದು ಸಿಡಿಯುತ್ತದೆ. ಎಲೆಯೊಳಗಿನ ನೀರು ಥಟ್ಟನೆ ಹಬೆಯಾಗಿ ಎಲೆಯನ್ನು ಒಡೆಯುವ ಸದ್ದು ಅದು. ಎಲೆ ಒಡೆದಾಗ ಚೀಲಗಳೂ ಒಡೆಯುತ್ತವೆ. ಸುಗಂಧ ತೈಲ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹಾರದ ಶೇಂಗಾ ಎಣ್ಣೆ, ಹಾರುವ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವರಿಗೆ ಬಟ್ಟಲಿನ ಮುಚ್ಚಳ ಮಾಡುವ ಕೆಲಸವನ್ನು ನಮಗೆ ಒಗ್ಗರಣೆಯ ಎಣ್ಣೆ ಮಾಡುತ್ತದೆ. ಉಗ್ಗಾಣಿಯಲ್ಲಿ ಆ ಎಣ್ಣೆ ಒಂದೊಂದು ಮಂಡಕ್ಕಿಗೂ ಅಂಟಿರುತ್ತದೆ. ಹಾಗಾಗಿ ಎಲೆಯನ್ನು ಪಕ್ಕಕ್ಕಿಟ್ಟವರೂ ಕರಿಬೇವಿನ ಪರಿಮಳವನ್ನು ತಿಂದೇ ತಿಂದಿರುತ್ತಾರೆ!

ಮಾಡಿ ನೋಡಿ – 3 (ದೊಡ್ಡವರ ಜೊತೆ): ಎರಡು ಲೋಟಗಳಲ್ಲಿ ಸಮನಾಗಿ ಬಿಸಿನೀರು ಹಾಕಿ. ಎರಡಕ್ಕೂ ಒಂದೊಂದು ಚಮಚ ಹೆಚ್ಚಿದ ಕೊತ್ತಂಬರಿ ಸೊಪ್ಪು ಹಾಕಿ. ಒಂದನ್ನು ತಟ್ಟೆಯಿಂದ ಮುಚ್ಚಿ, ಇನ್ನೊಂದನ್ನು ತೆರೆದೇ ಇಡಿ. 10 ನಿಮಿಷ ಬಿಟ್ಟು ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ಮುಚ್ಚಳ ತೆಗೆದು ಎರಡನ್ನೂ ಮೂಸಲು ಕೊಡಿ. ಯಾವುದು ಮುಚ್ಚಿದ್ದು ಎಂದು ಹೇಳಬಲ್ಲನೇ? ಒಬ್ಬನಲ್ಲ, ಹತ್ತು ಜನರನ್ನು ಕೇಳಿ. ಎಷ್ಟು ಜನ ಸರಿ ಹೇಳಿದರು, ಲೆಕ್ಕ ಬರೆಯಿರಿ.

ಮೂರು ಮನೆತನ, ಮೂರು ಉಗ್ರಾಣ

ಎಲ್ಲ ಪರಿಮಳದ ಗಿಡಗಳೂ ಎಣ್ಣೆಯನ್ನು ಒಂದೇ ಕಡೆ ಇಡುವುದಿಲ್ಲ. ಹೊಲದ ಫಸಲನ್ನು ಒಬ್ಬರು ಹಗೇವಿನಲ್ಲಿ ಇಟ್ಟರೆ ಇನ್ನೊಬ್ಬರು ಅಟ್ಟದ ಮೇಲೆ ಇಡುವ ಹಾಗೆ, ಒಂದೊಂದು ಸಸ್ಯ ಕುಟುಂಬಕ್ಕೆ ಒಂದೊಂದು ಉಗ್ರಾಣ.

ನಿಂಬೆ ಕುಟುಂಬ (ರೂಟೇಸೀ): ಎಣ್ಣೆ ಎಲೆಯ ಒಳಗಿನ ಚೀಲಗಳಲ್ಲಿ. ನಿಂಬೆ, ಕಿತ್ತಳೆ, ಬಿಲ್ವಪತ್ರೆ, ಬೇಲ ಎಲ್ಲ ಇದೇ ಮನೆಯವರು. ಜಪಾನಿನ ಯುಜುವೂ, ಕಿನೋಮೆಯ ಸಾನ್ಶೊ ಗಿಡವೂ ಇಲ್ಲಿಯವೇ. ನಮ್ಮ ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ ಆ ಸಾನ್ಶೊಗೆ ತೀರಾ ಹತ್ತಿರದ ನೆಂಟ. ಎರಡೂ ನಾಲಿಗೆಗೆ ಜುಮ್ ಅನ್ನಿಸುತ್ತವೆ.

ಕೊತ್ತಂಬರಿ ಕುಟುಂಬ (ಏಪಿಯೇಸೀ): ಎಣ್ಣೆ ಕಾಂಡ, ಎಲೆ, ಕಾಯಿಗಳೊಳಗೆ ಹರಿಯುವ ಸಣ್ಣ ನಾಳಗಳಲ್ಲಿ. ಸಬ್ಬಸಿಗೆ, ಜೀರಿಗೆ, ಓಮ, ಕ್ಯಾರೆಟ್ ಇಲ್ಲಿಯವು. ಇವುಗಳ ಹೂಗೊಂಚಲು ಬಿಚ್ಚಿದ ಕೊಡೆಯ ಹಾಗಿರುತ್ತದೆ. ಜಪಾನಿನಲ್ಲಿ ತಿಳಿಸಾರಿಗೆ ಹಾಕುವ 'ಮಿತ್ಸುಬಾ' ಸೊಪ್ಪು ಈ ಮನೆಯದು. ಮಿತ್ಸುಬಾ ಎಂದರೆ ಮೂರೆಲೆ. ಕೊತ್ತಂಬರಿಯ ಇನ್ನೊಂದು ವಿಶೇಷ ಗಮನಿಸಿ. ಸೊಪ್ಪಿನ ವಾಸನೆಯೇ ಬೇರೆ, ಬೀಜದ ವಾಸನೆಯೇ ಬೇರೆ. ಸೊಪ್ಪಿನಲ್ಲಿ ಹೆಚ್ಚಾಗಿರುವುದು ಆಲ್ಡಿಹೈಡ್ ಎಂಬ ಗುಂಪಿನ ಅಣುಗಳು, ಬೀಜದಲ್ಲಿ ಲಿನಲೂಲ್. ಗಿಡ ಒಂದೇ, ಉಗ್ರಾಣದಲ್ಲಿಟ್ಟ ಸಾಮಾನು ಬೇರೆ.

ತುಳಸಿ ಕುಟುಂಬ (ಲೇಮಿಯೇಸೀ): ಎಣ್ಣೆ ಎಲೆಯ ಮೇಲಿನ ಸೂಕ್ಷ್ಮ ರೋಮಗಳ ತುದಿಯಲ್ಲಿ. ತುಳಸಿ, ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ ಇಲ್ಲಿಯವು. ಜಪಾನಿನವರು ಹಸಿಯಾಗಿಯೇ ಬಳಸುವ 'ಶಿಸೊ' ಎಲೆ ಈ ಮನೆಯದು.

ಮಾಡಿ ನೋಡಿ – 4: ತುಳಸಿ ಅಥವಾ ಪುದೀನದ ಎಲೆಯನ್ನು ಹರಿಯದೆ, ಬೆರಳಿನಿಂದ ಮೆಲ್ಲಗೆ ಸವರಿ ಬೆರಳು ಮೂಸಿ. ಕರಿಬೇವಿನ ಎಲೆಯನ್ನೂ ಹಾಗೇ ಸವರಿ ಮೂಸಿ. ತುಳಸಿ ಗಿಡಕ್ಕೆ ಲಂಗ ತಾಗಿದರೂ ಪರಿಮಳ ಬರುತ್ತದೆ, ಕರಿಬೇವಿಗೆ ಯಾಕೆ ಹಾಗಿಲ್ಲ? ಹೊರಗಿಟ್ಟ ಎಣ್ಣೆಗೆ ಸವರಿದರೆ ಸಾಕು, ಒಳಗಿಟ್ಟ ಎಣ್ಣೆಗೆ ಒಡೆಯಲೇಬೇಕು.

ಮೂರು ಮನೆತನದ ಎಲೆಗಳನ್ನು ನಾವೂ ಬಳಸುತ್ತೇವೆ, ಜಪಾನಿನವರೂ ಬಳಸುತ್ತಾರೆ. ಗಿಡಗಳು ಬೇರೆ, ಕುಟುಂಬಗಳು ಅವೇ. ಎರಡು ಕಡೆಯ ಅಡುಗೆಯವರೂ ಸಸ್ಯಶಾಸ್ತ್ರದ ಪುಸ್ತಕ ಓದಿದವರಲ್ಲ. ಅವರ ಮೂಗೇ ಅವರಿಗೆ ಪುಸ್ತಕ.

ನಾಲ್ಕು ಭಾಷೆಯ ಒಂದೇ ತಪ್ಪು

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಕರಿಬೇವು. ನಮ್ಮ ಸಂತೆಯಲ್ಲಿ ತೆಲುಗಿನಲ್ಲಿ ಕೇಳಿದರೆ ಕರಿವೇಪಾಕು. 'ವೇಪ' ಎಂದರೆ ಬೇವು ಎಂದು ನಿಮಗೆ ಗೊತ್ತೇ ಇದೆ. ತಮಿಳಿನಲ್ಲಿ ಕರಿವೇಪ್ಪಿಲೈ, ಅಲ್ಲೂ ಬೇವು. ಹಿಂದಿಯಲ್ಲಿ ಮೀಠಾ ನೀಮ್ ಎಂಬ ಹೆಸರಿದೆ, ಅಂದರೆ ಸಿಹಿಬೇವು. ನಾಲ್ಕು ಭಾಷೆಗಳೂ ಒಂದೇ ಮಾತು ಹೇಳಿದರೆ ಯಾರಾದರೂ ನಂಬುತ್ತಾರೆ. ನಾನೂ ನಂಬಿದ್ದು ಹಾಗೇ.

ಹೆಸರಿಟ್ಟ ಹಿರಿಯರು ಕಣ್ಣಿಗೆ ಕಂಡದ್ದನ್ನು ಹೇಳಿದರು. ಎರಡರಲ್ಲೂ ಒಂದು ಕಡ್ಡಿಯ ಎರಡು ಕಡೆ ಸಾಲಾಗಿ ಎಲೆಗಳು. ದೂರದಿಂದ ನೋಡಿದರೆ ಅಣ್ಣ ತಮ್ಮನ ಹಾಗೆ. ಆದರೆ ಹತ್ತಿರ ಹೋಗಿ ನೋಡಿ. ಬೇವಿನ ಎಲೆಯ ಅಂಚು ಗರಗಸದ ಹಲ್ಲಿನ ಹಾಗೆ. ಕರಿಬೇವಿನ ಅಂಚು ಹೆಚ್ಚುಕಡಿಮೆ ನುಣುಪು. ಬೇವಿನ ಹಣ್ಣು ಹಳದಿ, ಕರಿಬೇವಿನ ಹಣ್ಣು ಮಾಗಿದಾಗ ಕಪ್ಪು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಮೊದಲ ಪ್ರಯೋಗದಲ್ಲೇ ಇದೆ. ಹೊಳೆಯುವ ಚುಕ್ಕಿ ಯಾವ ಎರಡು ಎಲೆಗಳಲ್ಲಿತ್ತು? ನಿಂಬೆ ಮತ್ತು ಕರಿಬೇವು. ಕರಿಬೇವು ನಿಂಬೆಯ ಕುಟುಂಬದ್ದು. ಬೇವಿನ ಕುಟುಂಬವೇ ಬೇರೆ, ಅದರ ಹೆಸರು ಮೀಲಿಯೇಸೀ. ಹೆಬ್ಬೇವು ನಿಜವಾಗಿಯೂ ಆ ಮನೆಯದು, ಅದರ ಹೆಸರು ಸರಿಯಾಗಿದೆ. ನೆಲಬೇವು ಮಾತ್ರ ಕಹಿ ಇದೆ ಎಂಬ ಕಾರಣಕ್ಕೆ ಬೇವು ಅನ್ನಿಸಿಕೊಂಡ ಬೇರೊಂದು ಕುಟುಂಬದ ಗಿಡ.

ಪೂರ್ತಿ ಸಂಬಂಧವೇ ಇಲ್ಲವೇ ಎಂದರೆ, ದೂರದ್ದು ಇದೆ. ಕುಟುಂಬಕ್ಕಿಂತ ಮೇಲಿನ ಹಂತ ಗಣ. ಬೇವು, ಕರಿಬೇವು ಎರಡೂ ಒಂದೇ ಗಣದಲ್ಲಿ ಬರುತ್ತವೆ. ನಿಂಬೆ ಬೀಜ ಕಚ್ಚಿದಾಗ ಬರುವ ಕಹಿ, ಬೇವಿನ ಬೀಜದಲ್ಲಿರುವ ಕೀಟ ಓಡಿಸುವ ಅಜಾಡಿರಕ್ಟಿನ್ – ಇವೆರಡೂ ಲಿಮೊನಾಯ್ಡ್ ಎಂಬ ಒಂದೇ ಗುಂಪಿನ ರಾಸಾಯನಿಕಗಳು. ಆದರೆ ಆ ಗಣದಲ್ಲಿ ಮಾವು, ಗೇರು, ಅಂಟುವಾಳವೂ ಇವೆ. ಬೇವು ಕರಿಬೇವಿಗೆ ನೆಂಟ ಎನ್ನುವುದಾದರೆ ಮಾವೂ ನೆಂಟನೇ.

ಹುಳಕ್ಕೆ ಹೇಗೆ ತಿಳಿಯಿತು?

ಆ ಹುಡುಗಿ ಕಂಡ ಹುಳ ನಿಂಬೆ ಚಿಟ್ಟೆಯ ಮರಿಹುಳು. ಚಿಕ್ಕದಿದ್ದಾಗ ಕಂದು-ಬಿಳಿ, ಹಕ್ಕಿಯ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ. ದೊಡ್ಡದಾದಾಗ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಗೆ ಚಾಚಿ ಕೆಟ್ಟ ವಾಸನೆ ಬಿಡುತ್ತದೆ.

ಸುಗಂಧ ತೈಲ ಗಿಡಕ್ಕೆ ಒಂದು ಕಾವಲು. ಎಲೆ ಕಚ್ಚಿದ ಎಷ್ಟೋ ಕೀಟಗಳಿಗೆ ಅದು ಹಿಡಿಸುವುದಿಲ್ಲ. ಆದರೆ ಈ ಚಿಟ್ಟೆಯ ಮರಿಗಳು ಆ ಎಲೆಯನ್ನು ಅರಗಿಸಿಕೊಳ್ಳಬಲ್ಲವು. ಬೇರೆಯವರನ್ನು ಓಡಿಸುವ ರಾಸಾಯನಿಕಗಳೇ ತಾಯಿ ಚಿಟ್ಟೆಗೆ ಮನೆ ವಿಳಾಸ. ಅದು ಎಲೆಯ ಮೇಲೆ ಕೂತು ಮುಂಗಾಲಿನಿಂದ ಪಟಪಟ ತಟ್ಟಿ ರುಚಿ ನೋಡುತ್ತದೆ. ಹೌದು, ಅದಕ್ಕೆ ರುಚಿ ತಿಳಿಯುವುದು ಕಾಲಿನಲ್ಲಿ! ನಿಂಬೆ ಕುಟುಂಬ ಎಂದು ತಿಳಿದರೆ ಮೊಟ್ಟೆ ಇಡುತ್ತದೆ. ನಿಂಬೆ, ಕರಿಬೇವು, ಬಿಲ್ವ ಮೂರರ ಮೇಲೂ ಇಡುತ್ತದೆ. ಬೇವಿನ ಮರ ಪಕ್ಕದಲ್ಲೇ ಇದ್ದರೂ ಆಸೆಪಡುವುದಿಲ್ಲ. ಜಪಾನಿನಲ್ಲಿ ಇದೇ ಜಾತಿಯ ಇನ್ನೊಂದು ಚಿಟ್ಟೆ ಇದೆ. ಅದೂ ಕಿತ್ತಳೆ ಗಿಡದ ಮೇಲೂ ಇಡುತ್ತದೆ, ಕಿನೋಮೆ ಕೊಡುವ ಸಾನ್ಶೊ ಗಿಡದ ಮೇಲೂ ಇಡುತ್ತದೆ.

ಚಿಟ್ಟೆ ಕನ್ನಡವನ್ನೂ ಓದಿಲ್ಲ, ತೆಲುಗನ್ನೂ ಓದಿಲ್ಲ. ಹೆಸರು ನೋಡಿ ಮೋಸ ಹೋಗಲಿಲ್ಲ. ನಾನು ಹೋದೆ. ಅದನ್ನು ತಿದ್ದಿದ್ದು ತನ್ನ ಮನೆಯ ಗಿಡವನ್ನು ದಿನಾ ನೋಡುತ್ತಿದ್ದ ಒಬ್ಬ ಹುಡುಗಿ. ಪುಸ್ತಕದಲ್ಲಿದ್ದರೂ, ಸಾರ್ ಹೇಳಿದ್ದರೂ, ನಿಮ್ಮ ಕಣ್ಣಿಗೆ ಬೇರೆ ಕಂಡರೆ ಎದ್ದು ನಿಂತು ಕೇಳಿ. ವಿಜ್ಞಾನ ಬೆಳೆದಿರುವುದು ಹಾಗೇ.

ಮತ್ತೆ ಒಂದು ಮಾತು. ಕರಿಬೇವಿನ ಗಿಡದಲ್ಲಿ ಒಂದೆರಡು ಹುಳ ಕಂಡ ಕೂಡಲೇ ಹೊಸಕಬೇಡಿ. ಗಿಡ ಚೆನ್ನಾಗಿ ಬೆಳೆದಿದ್ದರೆ ಎರಡು ಕಡ್ಡಿ ಎಲೆ ಅದಕ್ಕೂ ಇರಲಿ. ಕೆಲವೇ ವಾರಗಳಲ್ಲಿ ಹಳದಿ-ಕಪ್ಪು ಚಿಟ್ಟೆಯಾಗಿ ಹಾರುತ್ತದೆ. ಗಿಡ ತೀರಾ ಸಣ್ಣದಾಗಿದ್ದರೆ ಹುಳವನ್ನು ಎಲೆ ಸಮೇತ ಎತ್ತಿ ದೊಡ್ಡ ನಿಂಬೆ ಗಿಡಕ್ಕೆ ಬಿಡಿ. ಅದಕ್ಕೇನೂ ತೊಂದರೆಯಿಲ್ಲ, ಒಂದೇ ಮನೆತನ ತಾನೆ!

ಯೋಚಿಸಿ, ಉತ್ತರ ಬರೆಯಿರಿ

1. ಬಿಲ್ವಪತ್ರೆ ಮತ್ತು ಬೇಲದ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕಿಗಳು ಕಾಣುತ್ತವೆಯೇ? ಮಾವಿನ ಎಲೆಯಲ್ಲಿ?

2. ಒಣಗಿದ ಕರಿಬೇವಿಗೆ ಪರಿಮಳ ಕಡಿಮೆ. ಒಣ ಕೊತ್ತಂಬರಿ ಬೀಜ ಮಾತ್ರ ತಿಂಗಳುಗಟ್ಟಲೆ ಪರಿಮಳ ಉಳಿಸಿಕೊಳ್ಳುತ್ತದೆ. ಕಾರಣ ಏನಿರಬಹುದು? (ಸುಳಿವು: ಉಗ್ರಾಣದ ಗೋಡೆ.)

3. ಶಾಲೆಯ ಮಧ್ಯಾಹ್ನದ ಊಟದ ಸಾಂಬಾರಿಗೆ ಕೊತ್ತಂಬರಿ ಯಾವಾಗ ಹಾಕುತ್ತಾರೆ? ಅಡುಗೆ ಮಾಡುವ ಅಮ್ಮನವರನ್ನು ಕೇಳಿ ತಿಳಿಯಿರಿ. ಬಡಿಸುವ ಸ್ವಲ್ಪ ಮುಂಚೆ ಹಾಕಿ ಮುಚ್ಚಿದರೆ ವ್ಯತ್ಯಾಸ ಆಗುತ್ತದೆಯೇ? ಅವರ ಒಪ್ಪಿಗೆ ಪಡೆದು ಒಂದು ದಿನ ನೋಡಿ.

4. ನಿಮ್ಮ ಊರಿನಲ್ಲಿ ಹೆಸರು ಒಂದು, ಕುಟುಂಬ ಇನ್ನೊಂದು ಆಗಿರುವ ಬೇರೆ ಗಿಡಗಳಿವೆಯೇ? ಹೆಸರುಗಳನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದು, ನೀವು ಯಾವ ಸಾಕ್ಷಿ ನೋಡಿದಿರಿ ಎಂದು ತಿಳಿಸಿ.